ಅಡಿ ಸವೆಯದ ಬೂಟು

ಈ ಮಗು ನಡೆಯುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ಮಗುವಿನ ದೊಡ್ಡಪ್ಪ. ನವಿ ಮುಂಬಯಿಯ ಘಣಸೋಲಿಯಲ್ಲಿ ಹೋಟೆಲಿಟ್ಟವರು. ಸಾಂಬಾರಿನಂತೆ ವೈದ್ಯವನ್ನೂ ಒಂದು ಚಮಚ ನೆಕ್ಕಿ ನೋಡಿದರೆ ತಿಳಿಯುತ್ತದೆ ಎಂದು ನಂಬಿದ್ದರು. ಆಮೇಲೆ ಮಗುವಿನ ಚಿಕಿತ್ಸೆಗೆ ಬಂದಿದ್ದ ನನ್ನ ಕಡೆ ತಿರುಗಿದರು.

"ನಿನ್ನ ಅಪ್ಪ ಎಂತ ಮಾಡ್ತಾರೆ?"

"ಡೊಂಬಿವಲಿಯ ಹೋಟೆಲಲ್ಲಿ ಪಾತ್ರೆ ತೊಳೀತಾರೆ."

"ಹಾಗಾದ್ರೆ ನೀನು ಡಾಕ್ಟ್ರಾ, ಮಾಲೀಶಿನವಳಾ?"

ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಜೀವ ನಾನು. ಫಿಸಿಯೋಥೆರಪಿಯಲ್ಲಿ ಡಿಗ್ರಿ. ಅದನ್ನು ಅವರಿಗೆ ವಿವರಿಸುವ ಬದಲು ಕೈ ತೊಳೆದು ಕೆಲಸಕ್ಕೆ ಕೂತೆ.

ಮಗುವಿಗೆ ಐದು ವರ್ಷ. ಹುಟ್ಟುವಾಗ ಉಸಿರು ಸಿಕ್ಕದೆ ಕಾಲುಗಳು ಬಿಗಿದಿದ್ದವು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ; ಮನೆಯೊಳಗೆ ಗೋಡೆ ಹಿಡಿದು ತುದಿಗಾಲಲ್ಲಿ ನಾಲ್ಕು ಹೆಜ್ಜೆ ಇಡುತ್ತಿದ್ದಳು, ಅಷ್ಟೆ. ಠಾಣೆ ಊರಿನ ವರ್ತಕ ನಗರದ ಅವರ ಮನೆಯ ಹತ್ತಿರವೇ ಶಾಲೆ. ವರ್ಷದ ಕೊನೆಗೆ ಕೆ.ಜಿ. ಮಕ್ಕಳಿಗೆ ಸರ್ಟಿಫಿಕೇಟ್ ಕೊಡುವ ದಿನ ಸ್ಟೇಜಿನವರೆಗೆ ತಾನೇ ನಡೆದು ಬಂದರೆ ಒಂದನೇ ಕ್ಲಾಸಿಗೆ ಸೀಟು, ಇಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಹೆಡ್‌ಮಿಸ್ ಹೇಳಿದ್ದರು. ಮಕ್ಕಳೆಲ್ಲ ದೇವರ ಹೂಗಳು ಎಂದು ಅದೇ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಬಣ್ಣಕ್ಕೇನು, ಏನು ಬೇಕಾದರೂ ಬರೆಯಬಹುದು.

ಪಾದ ನೇರ ನಿಲ್ಲಲು ಪ್ಲಾಸ್ಟಿಕ್ ಸ್ಪ್ಲಿಂಟ್, ಅದರ ಮೇಲೆ ಬೂಟು ಮಾಡಿಸಿದೆ. ಇಡೀ ದಿನ ಹಾಕಿ ಎಂದೆ. ವಾರಕ್ಕೆ ಮೂರು ದಿನ ಡೊಂಬಿವಲಿಯಿಂದ ರೈಲಿನಲ್ಲಿ ಜಜ್ಜಿಸಿಕೊಂಡು ಬಂದು ಕಾಲು ಎಳೆದು ಬಗ್ಗಿಸಿದೆ. ನಾಲ್ಕು ತಿಂಗಳಾದರೂ ಕಾಲು ಹಾಗೆಯೇ ಇತ್ತು. ಒಂದು ದಿನ ಬೂಟು ತಿರುಗಿಸಿ ನೋಡಿದೆ. ಅಡಿಯಲ್ಲಿ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು.

"ಹಾಕ್ತೇವೆ ಮಾರಾಯ್ತಿ," ಎಂದರು ಮಗುವಿನ ಅಜ್ಜಿ, ದೊಡ್ಡಪ್ಪನ ತಾಯಿ. "ಹೊರಗೆ ಹೋಗುವಾಗ ತಪ್ಪದೆ ಹಾಕ್ತೇವೆ."

"ಹೊರಗೆ ನಡೀತಾಳಾ?"

"ಹೊರಗೆ ಹೇಗೆ ನಡೀತಾಳೆ? ಎತ್ತಿಕೊಳ್ತೇವೆ."

"ಮನೆಯೊಳಗೆ?"

"ದೇವರ ಕೋಣೆ ಇಲ್ಲೇ ಉಂಟಲ್ಲ! ಬೂಟು ಹಾಕುವುದುಂಟಾ?"

ನಡೆಯುವಾಗ ಬೂಟಿಲ್ಲ, ಬೂಟಿದ್ದಾಗ ನಡಿಗೆಯಿಲ್ಲ. ಇಷ್ಟು ಶುದ್ಧವಾದ ಮೂರ್ಖತನ ನಾನು ನೋಡಿರಲಿಲ್ಲ. ಆದರೆ ನಮ್ಮ ಮನೆಯಲ್ಲೂ ಚಪ್ಪಲಿ ಹೊಸ್ತಿಲ ಆಚೆಯೇ. ಅದು ಗೊತ್ತಿದ್ದೂ ನಾಲ್ಕು ತಿಂಗಳು ಕೇಳದಿದ್ದ ನನ್ನ ಡಿಗ್ರಿಗೂ ಅಂದು ನಾನು ಮರ್ಯಾದೆ ಕೊಡಲಿಲ್ಲ.

"ಇದು ರಸ್ತೆ ಮುಟ್ಟಿದ್ದುಂಟಾ ಅಜ್ಜಿ?"

"ಇಲ್ಲ."

"ಮತ್ತೆ ಮೈಲಿಗೆ ಎಲ್ಲಿಂದ ಬಂತು?"

ಅಜ್ಜಿ ಬೂಟಿನ ಅಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೂಟಿಗೆ ಅರಿಸಿನದ ನೀರು ಚಿಮುಕಿಸಿ, ದೇವರ ಕೋಣೆಯ ಮುಂದೆ ರಂಗೋಲಿಯ ಒಂದು ಗೆರೆ ಎಳೆದರು. ಮಗು ಪ್ಲಾಸ್ಟಿಕ್ ಕುರ್ಚಿ ತಳ್ಳುತ್ತಾ ಆ ಗೆರೆಯವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ದೊಡ್ಡಪ್ಪ ಬಂದವರು "ಇದು ಮನೆಯಾ, ಠಾಣೆಯ ರೈಲ್ವೆ ಸ್ಟೇಷನ್ನಾ?" ಎಂದರು. ಮಗು ಬಿದ್ದಾಗ ಓಡಿ ಬಂದು ಎತ್ತುತ್ತಿದ್ದವರೂ ಅವರೇ. ಎತ್ತುವುದೊಂದೇ ಅವರಿಗೆ ಗೊತ್ತಿದ್ದ ಪ್ರೀತಿ. ಕೆಲವು ತಿಂಗಳ ಮೇಲೆ ಕುರ್ಚಿಯನ್ನೂ ಬಿಡಿಸಿದೆ.

ಸರ್ಟಿಫಿಕೇಟ್ ಕೊಡುವ ದಿನ ಶಾಲೆಯ ಹಾಲಿನಲ್ಲಿ ಮಗುವಿನ ಹೆಸರು ಕೂಗಿದರು. ದೊಡ್ಡಪ್ಪ ಎದ್ದೇಬಿಟ್ಟರು. "ನಾನು ಎತ್ತಿಕೊಂಡು ಹೋಗ್ತೇನೆ. ಜನ ನೋಡ್ತಾರೆ." ಅವರ ಅಂಗಿಯ ತೋಳು ಹಿಡಿದೆಳೆದು ಕೂರಿಸಿದೆ. ಮಗು ಸೊಂಟ ಓಲಾಡಿಸುತ್ತಾ ನಡೆದಳು. ನಡುವೆ ಒಮ್ಮೆ ವಾಲಿ, ಯಾರದೋ ಕುರ್ಚಿಯ ಬೆನ್ನು ಹಿಡಿದು ನಿಂತಳು. ಬಿಟ್ಟಳು. ಸ್ಟೇಜಿನ ಬಳಿ ಹೆಡ್‌ಮಿಸ್ ಬಾಗಿ ಸರ್ಟಿಫಿಕೇಟ್ ಕೊಟ್ಟು, ಜೂನಿನಲ್ಲಿ ಒಂದನೇ ಕ್ಲಾಸಿಗೆ ಬಾ ಎಂದರು.

ಕಾಗದ ಎದೆಗೆ ಒತ್ತಿಕೊಂಡು ಮಗು ನಮ್ಮ ಸಾಲಿನತ್ತ ತಿರುಗಿದಳು. ದೊಡ್ಡಪ್ಪ ದಾರಿಗೆ ಅಡ್ಡ ಕಾಲು ಚಾಚಿ ಕೂತು, "ಆದ್ರೂ ಎಡಗಾಲು ಸ್ವಲ್ಪ ಎಳೀತದೆ ಅಲ್ವಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮಗನಿಗೆ ಹೇಳಿದರು: "ನಿನ್ನ ಕಾಲು ಆಚೆ ತೆಗಿ ಮಾರಾಯ, ಮಗು ಬರ್ತಾ ಉಂಟು."