ಮೈಸೂರಿನ ಕಪಾಟಿನಲ್ಲಿ ನಮ್ಮೂರ ಕಲ್ಲು

ಗಂಡಸರ ಜೊತೆಯಿಲ್ಲದೆ ರೈಲು ಹತ್ತುವ ಹೆಣ್ಣುಮಕ್ಕಳನ್ನು ಬಾಣಾವರ ಸ್ಟೇಷನ್ನಿನಲ್ಲಿ ಜನ ತಿರುಗಿ ತಿರುಗಿ ನೋಡುತ್ತಿದ್ದ ಕಾಲ ಅದು. ನನಗೆ ಹನ್ನೊಂದು ವರ್ಷ. ಅಕ್ಕ ಪಾರ್ವತಿ ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದಳು. ಹಳೆಯ ವಿದ್ಯಾರ್ಥಿಗಳೂ ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಕೂತು ಓದಬಹುದಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು. ಆ ಬೇಸಿಗೆಯಲ್ಲಿ ತಿಂಗಳಿಗೆರಡು ಸಲ ಹೊರಡುತ್ತಿದ್ದಳು. ಒಬ್ಬಳೇ ಹೋಗಬಾರದೆಂದು ಅಪ್ಪಾಜಿ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಅರಸೀಕೆರೆಯಲ್ಲಿ ರೈಲು ಬದಲಿಸಿ, ಕಲ್ಲಿದ್ದಲ ಹೊಗೆಯಲ್ಲೇ ಚಿತ್ರಾನ್ನ ತಿಂದು, ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆವು.

ಲೈಬ್ರರಿಯ ತುಂಬ ಹಳೇ ಕಾಗದ, ನುಸಿಗುಳಿಗೆಗಳ ವಾಸನೆ. ನಾನು ಮೆಟ್ಟಿಲ ಮೇಲೆ ಐದು ಕಲ್ಲಿನ ಆಟ ಆಡುತ್ತಿದ್ದೆ. ಒಮ್ಮೆ ಅಕ್ಕ ಓಡಿಬಂದು ನನ್ನನ್ನು ಒಳಗೆಳೆದುಕೊಂಡು ಹೋದಳು. ತೆರೆದ ಕಪಾಟುಗಳಲ್ಲಿ ಬೇರೇನನ್ನೋ ಹುಡುಕುವಾಗ ಶಾಸನಗಳ ದಪ್ಪ ಸಂಪುಟವೊಂದು ಕೈಗೆ ಸಿಕ್ಕಿತ್ತು.

"ಇಲ್ನೋಡೇ, ನಮ್ಮ ಕೆರೆ ಏರಿ ಮೇಲಿನ ಕಲ್ಲು ಕಣೇ!"

ಊರವರು ಕುಡುಗೋಲು ಮಸೆಯುತ್ತಿದ್ದ ಕಲ್ಲು ಅದು. ಅದರ ಮೇಲಿನ ಬರಹದ ಪ್ರಕಾರ, ಮಾಚವ್ವೆ ಎಂಬ ಹೆಂಗಸು ಆ ಕೆರೆ ಕಟ್ಟಿಸಿ, ಹೂಳೆತ್ತುವವರಿಗೆ ಗದ್ದೆ ಬಿಟ್ಟಿದ್ದಳಂತೆ. ಅಕ್ಕ ಅಷ್ಟನ್ನೂ ಬರೆದುಕೊಂಡಳು.

ಅದೇ ವಾರ ಗಂಡಸಿ ಎಂಬ ಊರಿನಿಂದ ಹೆಣ್ಣು ನೋಡಲು ಬಂದರು. ಹುಡುಗನ ಸೋದರಮಾವ ಉಪ್ಪಿಟ್ಟು ತಿನ್ನುತ್ತ, "ಓದು ಮುಗೀತಲ್ಲವ್ವ, ಇನ್ನೂ ಯಾಕೆ ಮೈಸೂರು? ನಮ್ಮನೇಲಿ ಅದೆಲ್ಲ ನಡೆಯಾಕಿಲ್ಲ" ಎಂದರು.

"ಹಾಗಾದ್ರೆ ಈ ಮದುವೆಯೂ ನಡೆಯಲ್ಲ ಬಿಡಿ" ಎಂದಳು ಅಕ್ಕ.

ಬಂದವರು ಕೈತೊಳೆದು ಎದ್ದುಹೋದರು. ಅಪ್ಪಾಜಿಯ ಮುಖ ಕೆಂಪಾಗಿತ್ತು. "ಅಂಥದ್ದೇನೈತೆ ಆ ಲೈಬ್ರರೀಲಿ?"

ಅಕ್ಕ ಕಾಗದ ತಂದು ಓದಿದಳು. "ನಮ್ಮ ಕೆರೆ ಕಟ್ಟಿಸಿದ್ದು ಯಾರು ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ ಅಪ್ಪಾಜಿ. ಅಲ್ಲಿ ಐತೆ."

ಅವರು ಕಾಗದ ಕಸಿದು ಜೇಬಿಗೆ ತುರುಕಿ, ನನ್ನ ಕಡೆ ತಿರುಗಿದರು. "ಇನ್ಮೇಲೆ ಇವಳ ಜೊತೆ ನೀನು ಹೋಗಕೂಡದು." ನಾನು ಹೋಗದಿದ್ದರೆ ಅವಳೂ ಹೋಗುವಂತಿರಲಿಲ್ಲ.

ಮುಂದಿನ ಪಯಣದ ಬೆಳಿಗ್ಗೆ ಅಕ್ಕನಿಗಿಂತ ಮೊದಲೇ ಜಡೆ ಹೆಣೆದು ಹೊಸ್ತಿಲಲ್ಲಿ ನಿಂತೆ.

"ಬ್ಯಾಡ ಅಂದಿರ್ಲಿಲ್ವಾ?"

"ಅಂದಿದ್ರಿ. ಹೋಗ್ತೀನಿ."

ಅಪ್ಪಾಜಿ ಕೈ ಎತ್ತಿದರು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಚಿತ್ರಾನ್ನದ ಗಂಟನ್ನು ನನ್ನ ಕೈಗಿಟ್ಟಳು. ನಾವು ಹೊರಟೆವು.

ತಿಂಗಳುಗಟ್ಟಲೆ ಅಪ್ಪಾಜಿ ನಮ್ಮೊಡನೆ ಮಾತಾಡಲಿಲ್ಲ. ಆದರೆ ಒಂದು ಸಂಜೆ ಏರಿಯ ಮೇಲೆ ಅವರ ದನಿ ಕೇಳಿಸಿತು: "ಅದರ ಮೇಲೆ ಮಸೀಬ್ಯಾಡ ಕಣ್ಲಾ, ಅಕ್ಷರ ಐತೆ!"

ಅಕ್ಕ ಹಳೇಬೀಡಿನಲ್ಲಿ ಚರಿತ್ರೆಯ ಮೇಡಂ ಆದಳು. ತಾನು ಮೈಸೂರಿಗೆ ಹೋಗಿಬರುವುದನ್ನು ಒಪ್ಪಿದವರನ್ನೇ ಮದುವೆಯಾದಳು. ಕೂದಲು ಬೆಳ್ಳಗಾದರೂ ಮೈಸೂರಿನ ಆ ಲೈಬ್ರರಿ ಬಿಡಲಿಲ್ಲ. ಈಗ ಅವಳಿಲ್ಲ. ಅವಳು ಬೆರಳಾಡಿಸುತ್ತ ನಡೆದಂಥ ತೆರೆದ ಕಪಾಟುಗಳೂ ಎಲ್ಲರಿಗೂ ಸಿಗುವುದಿಲ್ಲ. ಮೊನ್ನೆ ಮೊಮ್ಮಗಳ ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. "ಪುಸ್ತಕದ ಹೆಸರು ಹೇಳಿ ಅಜ್ಜಿ, ತಂದುಕೊಡ್ತೀವಿ. ಒಳಗೆ ಬಿಡಲ್ಲ" ಎಂದ ಅಲ್ಲಿನ ಹುಡುಗ.

"ಇದೆ ಅಂತಲೇ ಗೊತ್ತಿಲ್ಲದ ಪುಸ್ತಕದ ಹೆಸರು ಹೇಗೆ ಹೇಳಲಪ್ಪ?"

ಅವನು ನಕ್ಕ. ನಾನು ನಗಲಿಲ್ಲ. ಒಳಗೆ ಬಿಡುವ ತನಕ ಏಳುವುದಿಲ್ಲವೆಂದು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತೆ.