ಲಿಂಬಿ ಹೀಚು ಕಟ್ಟಿದ ವಿಮಾನ

ಗಿಡದ ಬುಡದಲ್ಲಿ ಉದುರಿದ ಲಿಂಬಿ ಹೀಚುಗಳೇ ನಮಗೆ ಗೋಲಿಗಳಾಗಿದ್ದ ಕಾಲ ಅದು. ಬ್ಯಾಸಗಿ ಸೂಟಿ ಬಿಟ್ಟಿತೆಂದರೆ ನಾನು ತಾಂಬಾ ಊರಿನ ಆಯಿಯ, ಅಂದರೆ ಅವ್ವನ ತಾಯಿಯ ಮನೆಗೆ ಓಡುತ್ತಿದ್ದೆ. ಮನೆಯ ಹಿಂದೆಯೇ ಲಿಂಬಿ ತೋಟ. ಬಿಸಿಲಿನ ಝಳಕ್ಕೆ ಹೀಚುಗಳು ಪಟಪಟ ಉದುರುವವು. ಅವನ್ನು ಆರಿಸಿ ಫ್ರಾಕಿನ ಜೇಬು ತುಂಬಿಕೊಂಡರೆ ಇಡೀ ದಿನ ಕೈಗೆ, ಬಾಯಿಗೆ, ಕೂದಲಿಗೆ ಲಿಂಬಿಯದೇ ವಾಸನೆ.

ನಾನು ತೋಟದಲ್ಲಿ ಎಲ್ಲಿದ್ದರೂ ಬಸುಮಾಮಾ ಸಿಳ್ಳು ಹಾಕಿ ಕರೆಯುತ್ತಿದ್ದ. ಅವನು ಅವ್ವನ ಕಡೇ ತಮ್ಮ. ಆ ಸಿಳ್ಳು ಕೇಳಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದೆ. ಆದರೆ ಆ ವರ್ಷ ಮಾಮಾ ಸಿಳ್ಳು ಹಾಕಲಿಲ್ಲ. ವಿಮಾನದ ಪಡೆಗೆ ಸೇರಬೇಕೆಂದು ಹೋದವನನ್ನು ಕಣ್ಣಿನ ತಪಾಸಣೆಯಲ್ಲಿ ಬೇಡವೆಂದು ಕಳಿಸಿದ್ದರು. ಬಂದವನು ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಆಯಿ ರೊಟ್ಟಿ ತಟ್ಟುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಕೇಳಿದರೆ ಒಲಿ ಹೊಗಿ ಅನ್ನುತ್ತಿದ್ದಳು. ನನಗೆ ಬೇರೇನೂ ಬೇಕಿರಲಿಲ್ಲ. ಮಾಮಾ ಒಮ್ಮೆ ಸಿಳ್ಳು ಹಾಕಿದರೆ ಸಾಕಾಗಿತ್ತು.

ಹೊರಸಿನ ಕೆಳಗೆ ಒಂದು ಪೆಟ್ಟಿಗೆ ಇತ್ತು. ತಪಾಸಣೆಗೆ ಹೋಗುವಾಗ ಖುಷಿಯಲ್ಲಿ ನನಗೆಂದೇ ಕೊಂಡ ಆಟಿಕೆ ವಿಮಾನ ಅದರಲ್ಲಿತ್ತು. ನಾವೇ ಕತ್ತರಿಸಿ ಜೋಡಿಸಬೇಕಾದ ಬಾಲ್ಸಾ ಎಂಬ ಹಗುರ ಕಟ್ಟಿಗೆಯ ತೆಳ್ಳನೆ ಹಲಗೆಗಳು, ರೆಕ್ಕೆಗೆ ಹಚ್ಚುವ ಹಾಳೆ, ಒಂದು ಪಂಖ. ಪಂಖ ತಿರುಗಿಸಬೇಕಾದ ರಬ್ಬರು ಮಾತ್ರ ಸೆಕೆಗೆ ಕರಗಿ ಬೆಲ್ಲದ ಪಾಕದಂತೆ ಪೆಟ್ಟಿಗೆಗೆ ಮೆತ್ತಿಕೊಂಡಿತ್ತು.

"ರಬ್ಬರ್ ಹೋತು. ಇನ್ನ ಅದು ಹಾರಂಗಿಲ್ಲ, ಒಗಿ," ಅಂದ ಮಾಮಾ, ಗೋಡೆ ಕಡೆಯಿಂದಲೇ.

ನನಗೆ ಸಿಟ್ಟು ಬಂತು. ನನ್ನ ಮುರಿದ ಆಟಿಕೆ ಕಾರನ್ನು ತಂದು ಅವನ ಎದೆ ಮೇಲಿಟ್ಟೆ. "ಇದರ ಮೋಟಾರ್ ಹಚ್ಚು. ಇಲ್ಲಾಂದ್ರ ನಾ ನಮ್ಮೂರಿಗೆ ಹೊಕ್ಕೇನಿ ನೋಡು!"

ಮಾಮಾ ಕಾರನ್ನು ಅತ್ತಿತ್ತ ತಿರುಗಿಸಿ ನೋಡಿದ. ಸ್ವಲ್ಪ ಹೊತ್ತಿಗೆ ಎದ್ದು ಕೂತ.

ಆಮೇಲಿನ ಮಧ್ಯಾಹ್ನಗಳು ಈಗಲೂ ನನಗೆ ಅರೆನಿದ್ದೆಯಲ್ಲಿ ಬರುತ್ತವೆ. ಪಡಸಾಲೆಯ ತಂಪು, ಮೈದಾ ಅಂಟಿನ ವಾಸನೆ, ಬ್ಲೇಡು ಕಟ್ಟಿಗೆಯಲ್ಲಿ ಸರ್ರನೆ ಸರಿಯುವ ಸದ್ದು. ಕಟ್ಟಿಗೆಯ ಹೊಟ್ಟು ಮಾಮಾನ ರೆಪ್ಪೆಯ ಮೇಲೆ ಕೂತಿರುತ್ತಿತ್ತು. "ಜ್ವಾಳದ ದಂಟಿನ ಬೆಂಡಿನಂಗ ಐತಲ್ಲೋ! ಇದಕ್ಯಾಕ ರೊಕ್ಕಾ ಕೊಟ್ಟಿ?" ಎಂದು ಆಯಿ ಮೂಗು ಮುರಿದು, ಶರಬತ್ತು ಇಟ್ಟು ಹೋಗುವಳು. ಕಾರಿನ ಮೋಟಾರು ಹಲ್ಲಿನ ಚಕ್ರದ ಸಮೇತ ವಿಮಾನದ ಮೂಗಿನಲ್ಲಿ ಕೂತಿತು. ಹಳೆಯ ಮೊಬೈಲಿನ ಬ್ಯಾಟರಿ ಎಲ್ಲಿಡಬೇಕೆಂದು ಮಾಮಾ ಬಹಳ ಹೊತ್ತು ಯೋಚಿಸಿದ. ನಮ್ಮಲ್ಲಿ ಗಾಡಿ ಹೇರುವಾಗ ಎತ್ತಿನ ಹೆಗಲಿಗೆ ಭಾರ ಬೀಳದಂತೆ ಹೇರನ್ನು ಹಿಂದಕ್ಕೆ ಸರಿಸುತ್ತಾರೆ. ಮಾಮಾ ಅದೇ ಲೆಕ್ಕ ಹಿಡಿದ. "ಎಳಿಯೋದು ಮೂಗು. ಅದಕ್ಕ ಭಾರ ಕೊಡಬಾರದು," ಎಂದು ಬ್ಯಾಟರಿಯನ್ನು ರೆಕ್ಕೆಯ ಹಿಂದೆ ಕಟ್ಟಿದ.

ಗಾಳಿ ಏಳುವ ಮೊದಲೇ, ಬೆಳ್ಳಂಬೆಳಿಗ್ಗೆ, ತೋಟದಾಚೆಯ ತೊಗರಿ ಕೊಯ್ದ ಹೊಲಕ್ಕೆ ಹೋದೆವು. ಪಂಖ ಗುಂಯ್ ಎಂದಿತು. ಕೈ ಬಿಟ್ಟದ್ದೇ ತಡ, ಹಿಂದೆ ಹೇರು ಹೆಚ್ಚಾದ ಗಾಡಿಯ ನೊಗ ಎದ್ದಂತೆ ವಿಮಾನ ಮೂಗೆತ್ತಿ ನಿಂತು, ಬಾಲದ ಮೇಲೆ ದಪ್ಪನೆ ಬಿತ್ತು. ಮತ್ತೆ ಬಿಟ್ಟರೂ ಅದೇ ಕಥೆ. ಮಾಮಾನ ಮುಖ ಸಪ್ಪಗಾಯಿತು.

"ನನ್ನ ಹಣೇಬರದಾಗ ಹಾರೋದು ಬರದಿಲ್ಲ. ನಡಿ ಗೌರಿ."

ಇನ್ನು ಮತ್ತೆ ಹೊರಸು, ಮತ್ತೆ ಗೋಡೆಯೇ ಗತಿ ಅನ್ನಿಸಿತು. ನನಗೆ ಅಳುವೇ ಬಂತು. ಅಷ್ಟರಲ್ಲಿ ಬುತ್ತಿ ಹಿಡಿದು ಬಂದ ಆಯಿ ವಿಮಾನ ನೋಡಿ ಹಣೆ ಬಡಿದುಕೊಂಡಳು.

"ಅಯ್ಯ ನಿಮ್ಮ! ಹೊಸಾ ಗಾಡಿಗೆ ಲಿಂಬಿಕಾಯಿ ಕಟ್ಟದ ಬಿಟ್ಟೀರಿ. ಬೀಳದ ಮತ್ತೇನ್ ಮಾಡ್ತೈತಿ?"

ನಾನು ಗಿಡದಿಂದ ದೊಡ್ಡದೊಂದು ಕಾಯಿ ಹರಿಯಲು ಓಡಿದೆ. "ಏ, ಮಾರೋ ಕಾಯಿಗೆ ಕೈ ಹಚ್ಚಬ್ಯಾಡ!" ಎಂದು ಗದರಿ, ನನ್ನ ಜೇಬಿನಿಂದಲೇ ಒಂದು ಹೀಚು ತೆಗೆದು, ಕರಿದಾರದಲ್ಲಿ ವಿಮಾನದ ಮೂಗಿನ ಕೆಳಗೆ ಕಟ್ಟಿದಳು.

"ಯವ್ವಾ, ಭಾರ ಆಗ್ತೈತಿ!"

"ದೇವರದು ಭಾರ ಆಗ್ತೈತೇನೋ ಹುಚ್ಚಾ? ಬಿಡು ಅದನ್ನ."

ಮಾಮಾ ತಾಯಿಯ ಮಾತಿಗೆ ಬಿಟ್ಟ. ವಿಮಾನ ಒಂದಿಷ್ಟು ತಗ್ಗಿತು, ಆಮೇಲೆ ಸಾವಕಾಶ ಎದ್ದಿತು. ಲಿಂಬಿಗಿಡಗಳ ತಲೆ ಸವರಿಕೊಂಡು, ಎಳೆ ಬಿಸಿಲನ್ನು ರೆಕ್ಕೆಯ ಹಾಳೆಯಲ್ಲಿ ತುಂಬಿಕೊಂಡು ಹೊರಟೇ ಹೋಯಿತು. ಮಾಮಾ ಬರಿಗಾಲಲ್ಲಿ ಅದರ ಬೆನ್ನು ಹತ್ತಿದ. ತೊಗರಿಯ ಕೂಳೆ ಚುಚ್ಚಿದ್ದೂ ಗೊತ್ತಾಗದೆ ನಾನೂ ಓಡಿದೆ. ಆಗ ಕೇಳಿತು ಸಿಳ್ಳು! ಎರಡು ಬೆರಳು ಬಾಯಲ್ಲಿಟ್ಟು, ಓಡುತ್ತಲೇ, ಹೊಲವೆಲ್ಲ ತಿರುಗಿ ನೋಡುವಂಥ ಸಿಳ್ಳು. ಬ್ಯಾಟರಿ ಮುಗಿದು ಸದ್ದು ನಿಂತ ಮೇಲೂ ವಿಮಾನ ತೇಲುತ್ತಲೇ ಇತ್ತು. ಆಮೇಲೆ ಎಲ್ಲಿ ಇಳಿಯಿತೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

ಮಾಮಾ ಹೊಲದಲ್ಲೇ ಅಂಗಾತ ಬಿದ್ದು ನಕ್ಕ. "ಗೌರಿ, ಮೂಗಿಗೇ ಭಾರ ಬೇಕಾಗಿತ್ತು! ನಾ ಗಾಡಿ ಹೇರಿದಂಗ ಹೇರಿದ್ದೆ!" ಆಯಿ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ವಿಮಾನ ಹಾರಿಸಿದ್ದು ದೇವರೆಂದೇ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ಆಯಿ ಈಗಿಲ್ಲ. ಹೋದ ಬೇಸಿಗೆಯಲ್ಲಿ ತಾಂಬಾಕ್ಕೆ ಹೋಗಿದ್ದೆ. ಮಾಮಾ ಈಗ ಸುತ್ತಲಿನ ತೋಟಗಳಿಗೆ ಡ್ರೋನಿನಿಂದ ಎಣ್ಣಿ ಹೊಡೆಯುತ್ತಾನೆ. ಆ ಹುಳದ ಔಷಧಿಯ ಘಾಟಿನಲ್ಲಿ ಲಿಂಬಿಯ ವಾಸನೆ ಎಲ್ಲೂ ಹತ್ತಲಿಲ್ಲ. ಡ್ರೋನ್ ಬಿಡುವ ಮೊದಲು ಅವನು ಬಗ್ಗಿ ನೆಲದಿಂದ ಒಂದು ಹೀಚು ಆರಿಸಿ ಕರಿದಾರದಲ್ಲಿ ಕಟ್ಟಿದ.

"ಭಾರ ಸರಿ ಮಾಡಾಕೇನು ಮಾಮಾ?" ಅಂದೆ.

"ಇದರ ಭಾರ ಇದೇ ನೋಡಿಕೋತೈತಿ. ಇದು ನಮ್ಮವ್ವನ ಸಲುವಾಗಿ."

ಡ್ರೋನ್ ಎದ್ದು, ಗೆರೆ ಎಳೆದಂತೆ ಸಾಲು ಸಾಲು ಹೋಗಿ, ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ತಾನಾಗಿ ಬಂದು ಇಳಿಯಿತು. ಔಷಧಿಯ ಘಾಟಿಗೆಂದು ಮಾಮಾನ ಬಾಯಿಗೆ ಬಟ್ಟೆ ಕಟ್ಟಿತ್ತು, ಸಿಳ್ಳು ಹಾಕುವಂತಿರಲಿಲ್ಲ. ನಾನು ಚಪ್ಪಲಿ ಯಾವಾಗ ಬಿಟ್ಟಿದ್ದೆನೋ ಗೊತ್ತಿಲ್ಲ, ಬರಿಗಾಲಲ್ಲಿ ನಿಂತಿದ್ದೆ. ಯಾರೂ ಅದರ ಹಿಂದೆ ಓಡಬೇಕಾಗಿರಲಿಲ್ಲ.