ಕೊನೆಯ ರೀಲಿನ ಜೇಡ

ಮಹಡಿಯ ಟ್ಯಾಂಕಿಗೆ ನೀರೆತ್ತುವ ಮೋಟಾರು ಗುಂಯ್ ಎನ್ನತೊಡಗಿದರೆ ಸ್ಟುಡಿಯೊ ಕಿಟಕಿಯ ಜೇಡರಬಲೆ ನಡುಗುತ್ತದೆ. ಮೋಟಾರು ನಿಲ್ಲಲೆಂದು ಅಪ್ಪ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು.

ಮೂವತ್ತು ವರ್ಷ ಬರೀ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆದು ದಣಿದವರು. ಸ್ಟುಡಿಯೊ ಮುಚ್ಚುವ ವಾರ, ಉಳಿದಿದ್ದ ಒಂದೇ ರೀಲಿನಲ್ಲಿ ತಮಗಾಗಿ ಒಂದು ಫೋಟೊ ಬೇಕೆನಿಸಿತು. ಆ ಬಲೆಯಲ್ಲಿ ಕೂತಿದ್ದ, ಉಗುರಿಗಿಂತ ಚಿಕ್ಕ ಜೇಡದ್ದು. ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಒತ್ತಿ ಹಿಡಿದರೆ ಚಿಕ್ಕದು ದೊಡ್ಡದಾಗಿ ಕಾಣುತ್ತದೆ. ಆದರೆ ಮೈ ಕೂದಲೆಳೆಯಷ್ಟು ವಾಲಿದರೂ ಎಲ್ಲ ಮಸುಕು. ರೀಲಿನಲ್ಲಿದ್ದುದು ಮೂವತ್ತಾರು ಫೋಟೊ; ತೆಗೆದ ಮೂವತ್ತೈದು ಸಲವೂ ತಾವು ವಾಲಿದ್ದು ಅವರಿಗೇ ಗೊತ್ತಾಗಿತ್ತು. ಉಳಿದದ್ದು ಒಂದೇ ಫೋಟೊ.

“ಏನಪ್ಪಾ, ಜೇಡಕ್ಕೂ ಗಲ್ಲ ಸ್ವಲ್ಪ ಎತ್ತು ಅಂತೀರಾ?” ಎಂದೆ.

“ಅದು ಗೊಂಬೆ ಥರ ಕೂತಿದೆ ಕಣೇ. ಅಲ್ಲಾಡ್ತಿರೋದು ನಾನು.”

ಮೋಟಾರು ನಿಂತಿತು. ಅಪ್ಪ ಮತ್ತೆ ಲೆನ್ಸನ್ನು ಒತ್ತಿ ಹಿಡಿದರು. ಅವರು ವಾಲದಂತೆ ನಾನು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಅವರು ಎಲ್ಲರಿಗೂ ಹೇಳುತ್ತಿದ್ದುದನ್ನೇ ಹೇಳಿದೆ.

“ಉಸಿರು ಹಿಡೀರಿ. ಅಲ್ಲಾಡ್ಬೇಡಿ. ಹಾಂ!”

ಕ್ಲಿಕ್ ಎಂದಿತು.

“ಬಂತಾ?”

“ತೊಳೆದ್ಮೇಲೇ ಗೊತ್ತಾಗೋದು. ಬಂದಿದ್ರೆ ಮನೆ ಗೋಡೆಗೆ ಹಾಕೋಣ, ಬರ್ದಿದ್ರೆ…” ಎನ್ನುತ್ತಲೇ ಅಪ್ಪ ರೀಲು ಸುತ್ತಿಕೊಳ್ಳುತ್ತ ಕತ್ತಲಕೋಣೆಯ ಕಡೆ ನಡೆದುಬಿಟ್ಟರು.